ಇಳಿಜಾರಿನ ಪಾಠಕ್ಕೆ ಶಾಲೆಯ ಮೂರು ಮೆಟ್ಟಿಲು ಸಾಕು

ಎರಡು ವರ್ಷದ ಹಿಂದೆ ಅಮ್ಮನ ಸೊಂಟಕ್ಕೆ ಆಪರೇಷನ್ ಆಗಿತ್ತು. ಅವರನ್ನು ವೀಲ್‌ಚೇರ್‌ನಲ್ಲಿ ಕೂರಿಸಿಕೊಂಡು ಒಂದು ಕಚೇರಿಗೆ ಹೋಗಿದ್ದೆ. ಬಾಗಿಲ ಮುಂದೆ ರ‍್ಯಾಂಪ್ ಇತ್ತು, ಹೊಸದು, ಬಣ್ಣ ಹೊಡೆದದ್ದು, ಪಕ್ಕದಲ್ಲಿ ವೀಲ್‌ಚೇರ್ ಚಿತ್ರವನ್ನೂ ಬರೆದಿದ್ದರು. ಅರ್ಧ ಏರುವಷ್ಟರಲ್ಲಿ ನನ್ನ ಕೈ ಸೋತಿತು, ಕುರ್ಚಿ ಹಿಂದಕ್ಕೆ ಜಾರತೊಡಗಿತು, ಅಮ್ಮ ಎರಡೂ ಕೈಯಿಂದ ಹಿಡಿಕೆ ಬಿಗಿಯಾಗಿ ಹಿಡಿದುಕೊಂಡರು. ಅಲ್ಲೇ ನಿಂತಿದ್ದ ಇಬ್ಬರು ಓಡಿಬಂದು ಕೈಕೊಟ್ಟರು. ಕೆಲಸ ಮುಗಿದ ಮೇಲೆ ಆ ರ‍್ಯಾಂಪ್ ಅಳೆದೆ. ಎತ್ತರ 60 ಸೆಂ.ಮೀ., ನೆಲದ ಮೇಲೆ ಅದು ಹಿಡಿದ ಜಾಗ 2.4 ಮೀಟರ್. ಅಂದರೆ 1:4. ಇರಬೇಕಾದದ್ದು 1:12. ಅದಕ್ಕೆ 7.2 ಮೀಟರ್ ಜಾಗ ಬೇಕಿತ್ತು.

ಅದನ್ನು ಕಟ್ಟಿದವರು, ಕಟ್ಟಿಸಿದವರು ಎಲ್ಲರೂ ಶಾಲೆಯಲ್ಲಿ ಅನುಪಾತ ಕಲಿತವರೇ ಅಲ್ವಾ. ನಾನು ಗಣಿತದ ಟೀಚರ್. ಇಳಿಜಾರು ಅಂದರೆ ಬೋರ್ಡಿನ ಮೇಲೆ ವೈಎರಡು ಕಳೆ ವೈಒಂದು ಎಂದು ಬರೆದೇ ವರ್ಷಗಟ್ಟಲೆ ಪಾಠ ಮಾಡಿದ್ದೆ, ಮಕ್ಕಳು ಲೆಕ್ಕವನ್ನೂ ಸರಿಯಾಗಿಯೇ ಮಾಡುತ್ತಿದ್ದರು. ಆದರೆ ಒಂದು ಇಳಿಜಾರನ್ನು ತಾವೇ ಆರಿಸಿ, ಯಾಕೆ ಇಷ್ಟು, ಯಾಕೆ ಇದಕ್ಕಿಂತ ಜಾಸ್ತಿ ಬೇಡ ಎಂದು ಹೇಳಬೇಕಾದ ಸಂದರ್ಭ ಅವರಿಗೆ ಬಂದೇ ಇರಲಿಲ್ಲ. ಆಮೇಲೆ ಪಾಠವನ್ನು ತಿರುಗಿಸಿದೆ. ಈಗ ನಮ್ಮ ಮಕ್ಕಳು ಮೊದಲು ರ‍್ಯಾಂಪ್ ವಿನ್ಯಾಸ ಮಾಡುತ್ತಾರೆ, ಸೂತ್ರ ಕೊನೆಗೆ ಬರುತ್ತದೆ. ನೀವೂ ಮಾಡಿ ನೋಡಿ ಅಂತ ಹಂತಹಂತವಾಗಿ ಬರೆಯುತ್ತಿದ್ದೇನೆ. ಎಂಟರಿಂದ ಹತ್ತನೇ ತರಗತಿಯವರೆಗೆ ಇದು ನಡೆಯುತ್ತದೆ, ಪಿಯುಸಿ ಮೊದಲ ವರ್ಷದ ಸರಳರೇಖೆ ಪಾಠಕ್ಕೂ ಒಳ್ಳೆಯ ತಳಪಾಯ. ಆರು ಪೀರಿಯಡ್ ಬೇಕು.

ಏನೇನು ಬೇಕು

ಅಳತೆ ಟೇಪ್, ದಾರ, ತೂಗುಗುಂಡು (ದಾರಕ್ಕೆ ಕಟ್ಟಿದ ನಟ್ಟು ಆದರೂ ಸಾಕು), ಮೂರು ಹಲಗೆ, ಒಂದಷ್ಟು ಇಟ್ಟಿಗೆ ಅಥವಾ ಹಳೆಯ ಪುಸ್ತಕ, ಆಟಿಕೆ ಗಾಡಿ, ವಿಜ್ಞಾನದ ಕೋಣೆಯಲ್ಲಿರುವ ಸ್ಪ್ರಿಂಗ್ ತಕ್ಕಡಿ, ಗ್ರಾಫ್ ಹಾಳೆ. ಇದರ ಜೊತೆಗೆ ಹತ್ತು ಮೀಟರ್ ತೆಳು ಪಾರದರ್ಶಕ ಪೈಪ್. ಹಾರ್ಡ್‌ವೇರ್ ಅಂಗಡಿಯಲ್ಲಿ ಲೆವೆಲ್ ಪೈಪ್ ಎಂದರೆ ಕೊಡುತ್ತಾರೆ. ಬೇರೆ ಯಾವುದು ಇಲ್ಲದಿದ್ದರೂ ಈ ಪೈಪ್ ಮಾತ್ರ ಇರಲೇಬೇಕು.

ಮೊದಲ ದಿನ: ಯಾವುದು ಜಾಸ್ತಿ ಕಡಿದು?

ಸೂತ್ರ ಬೇಡ. ಇಳಿಜಾರು ಎಂಬ ಪದವನ್ನೂ ಬರೆಯಬೇಡಿ. ಎರಡು ಹಲಗೆ ಒರಗಿಸಿ ಇಡಿ. ಮೊದಲನೆಯದು 20 ಸೆಂ.ಮೀ. ಎತ್ತರಕ್ಕೆ, ನೆಲದ ಮೇಲೆ 60 ಸೆಂ.ಮೀ. ಅಡ್ಡದೂರಕ್ಕೆ. ಎರಡನೆಯದು 30 ಸೆಂ.ಮೀ. ಎತ್ತರಕ್ಕೆ, 150 ಸೆಂ.ಮೀ. ಅಡ್ಡದೂರಕ್ಕೆ. ಯಾವುದನ್ನು ಹತ್ತುವುದು ಕಷ್ಟ ಎಂದು ಕೇಳಿ. ಅರ್ಧ ತರಗತಿ ಎರಡನೆಯದು ಎನ್ನುತ್ತದೆ, ಯಾಕೆಂದರೆ ಅದು ಎತ್ತರ ಇದೆ. ಗಾಡಿ ಬಿಟ್ಟು ತೋರಿಸಿ. ಮೊದಲನೆಯದರಲ್ಲಿ ಗಾಡಿ ಹೊರಡುವ ಜೋರೇ ಬೇರೆ. ಎತ್ತರ ಒಂದೇ ಸಾಲದು ಅನ್ನುವುದು ಅಲ್ಲಿಗೆ ಮಕ್ಕಳ ಬಾಯಿಂದಲೇ ಬರುತ್ತದೆ.

ಆಗ ಯಾರಾದರೂ ಒಬ್ಬರು ಕಳೆಯೋಣ ಎನ್ನುತ್ತಾರೆ. ಅಡ್ಡದೂರದಿಂದ ಎತ್ತರ ಕಳೆದರೆ ಕಡಿದು ಎಷ್ಟು ಅಂತ ಗೊತ್ತಾಗುತ್ತದೆ ಎಂಬ ಯೋಚನೆ. ನನ್ನ ಅನುಭವದಲ್ಲಿ ಪ್ರತಿ ವರ್ಷವೂ ಇದು ಬಂದಿದೆ. ತಪ್ಪು ಎಂದು ಹೇಳಿಬಿಡಬೇಡಿ, ದಯವಿಟ್ಟು. ಮೂರನೇ ಹಲಗೆಯನ್ನು 10 ಸೆಂ.ಮೀ. ಎತ್ತರಕ್ಕೆ, 50 ಸೆಂ.ಮೀ. ಅಡ್ಡದೂರಕ್ಕೆ ಇಡಿ. 60ರಲ್ಲಿ 20 ಕಳೆದರೆ 40, 50ರಲ್ಲಿ 10 ಕಳೆದರೂ 40. ಆದರೆ ಎರಡು ಹಲಗೆ ಒಂದೇ ಥರ ಕಾಣುತ್ತಿಲ್ಲ. ಮಕ್ಕಳು ಸ್ವಲ್ಪ ಹೊತ್ತು ಸುಮ್ನೆ ನೋಡುತ್ತಾರೆ. ಆ ಮೌನವನ್ನು ತುಂಬಲು ಹೋಗಬೇಡಿ. ಒಂದು ಸೆಂ.ಮೀ. ಏರಲು ಎಷ್ಟು ಸೆಂ.ಮೀ. ಮುಂದೆ ಹೋಗಬೇಕು ಎಂಬ ಪ್ರಶ್ನೆ ಅಲ್ಲೇ ಹುಟ್ಟುತ್ತದೆ. ಮೊದಲ ಹಲಗೆಗೆ 3, ಎರಡನೆಯದಕ್ಕೆ 5, ಮೂರನೆಯದಕ್ಕೂ 5. ಎರಡನೆಯ ಮತ್ತು ಮೂರನೆಯ ಹಲಗೆಯನ್ನು ಅಕ್ಕಪಕ್ಕ ಇಟ್ಟು ಕಣ್ಣಳತೆಯಲ್ಲಿ ನೋಡಲು ಹೇಳಿ. ಒಂದು ಉದ್ದ, ಒಂದು ಗಿಡ್ಡ, ಆದರೆ ಇಳಿಜಾರು ಒಂದೇ. ಇಡೀ ಪಾಠದ ಗಟ್ಟಿ ಕಾಳು ಇದೇ. ಒಂದು ಪೀರಿಯಡ್ ಪೂರ್ತಿ ಹೋದರೂ ಪರವಾಗಿಲ್ಲ.

ಎರಡನೇ ದಿನ: ಪೈಪ್ ಹಿಡಿದು ಶಾಲೆ ಸುತ್ತಿ

ಗಾರೆ ಕೆಲಸದವರು ಇಳಿಜಾರಿಗೆ ವಾಟ ಎನ್ನುತ್ತಾರೆ. ಬಚ್ಚಲಿಗೆ ವಾಟ ಕೊಟ್ಟಿದ್ದೀರಾ, ಚರಂಡಿಗೆ ವಾಟ ಸಾಲದು, ಹೀಗೆ. ಮಕ್ಕಳಲ್ಲಿ ಎಷ್ಟೋ ಜನರಿಗೆ ಈ ಪದ ಮನೆಯಿಂದಲೇ ಗೊತ್ತಿರುತ್ತದೆ, ಅಪ್ಪನೋ ಮಾವನೋ ಆ ಕೆಲಸ ಮಾಡುವವರು. ಪಾಠದಲ್ಲಿ ಈ ಪದವನ್ನು ಧಾರಾಳವಾಗಿ ಬಳಸಿ. ತಮ್ಮ ಮನೆಯ ಮಾತು ಗಣಿತದ ಪೀರಿಯಡ್‌ಗೆ ಬಂದಾಗ ಹಿಂದಿನ ಬೆಂಚಿನಿಂದ ಕೈ ಏಳುವುದನ್ನು ನಾನು ನೋಡಿದ್ದೇನೆ.

ಲೆವೆಲ್ ಪೈಪ್ ಬಳಸುವುದು ಹೀಗೆ. ಪೈಪಿಗೆ ನೀರು ತುಂಬಿ, ಒಳಗೆ ಗಾಳಿಗುಳ್ಳೆ ಒಂದೂ ಇರಬಾರದು. ಎರಡು ತುದಿಯನ್ನೂ ಮೇಲಕ್ಕೆ ಹಿಡಿಯಬೇಕು, ಬೆರಳಿನಿಂದ ಮುಚ್ಚಬಾರದು. ಆಗ ಎರಡೂ ಕಡೆ ನೀರು ಒಂದೇ ಮಟ್ಟಕ್ಕೆ ಬಂದು ನಿಲ್ಲುತ್ತದೆ, ನಡುವೆ ಗೋಡೆ ಇರಲಿ, ಮರ ಇರಲಿ. ಒಬ್ಬರು ಮೆಟ್ಟಿಲ ಕೆಳಗೆ, ಇನ್ನೊಬ್ಬರು ಮೇಲೆ ನಿಂತು ತಮ್ಮ ಕಾಲ ಕೆಳಗಿನ ನೆಲದಿಂದ ನೀರಿನ ಮಟ್ಟದವರೆಗೆ ಅಳೆಯಲಿ. ಕೆಳಗಿನವರಿಗೆ 118 ಸೆಂ.ಮೀ., ಮೇಲಿನವರಿಗೆ 73 ಸೆಂ.ಮೀ. ಬಂದರೆ ಏರು 45 ಸೆಂ.ಮೀ. ಅಡ್ಡದೂರಕ್ಕೆ ದಾರವನ್ನು ಮಟ್ಟವಾಗಿ ಎಳೆದು ಹಿಡಿದು, ತುದಿಯಿಂದ ತೂಗುಗುಂಡು ಇಳಿಬಿಟ್ಟು, ದಾರವನ್ನು ಅಳೆಯುವುದು.

ಏನೇನು ಅಳೆಯಬೇಕು? ಕಂಡದ್ದೆಲ್ಲ. ಜಾರುಬಂಡೆ, ಮೆಟ್ಟಿಲು, ಗೇಟಿನ ಹತ್ತಿರದ ಏರು, ಬಿಸಿಯೂಟದ ಕೋಣೆಯ ಹಿಂದಿನ ಚರಂಡಿ, ಬಾತ್‌ರೂಮ್ ನೆಲ. ಮೆಟ್ಟಿಲಿನ ಎತ್ತರ 15 ಸೆಂ.ಮೀ., ಅಗಲ 30 ಸೆಂ.ಮೀ. ಇದ್ದರೆ ಇಳಿಜಾರು ಅರ್ಧ. ಬಾತ್‌ರೂಮ್ ನೆಲಕ್ಕೆ ಮೇಸ್ತ್ರಿಗಳು ಅಡಿಗೆ ಕಾಲು ಇಂಚು ಎಂಬ ಲೆಕ್ಕ ಹಿಡಿಯುತ್ತಾರೆ, ಅಂದರೆ 1:48. ಐದು ಅಡಿ ಉದ್ದದ ಬಾತ್‌ರೂಮಿನಲ್ಲಿ ಒಂದು ತುದಿಗಿಂತ ಇನ್ನೊಂದು ತುದಿ ಒಂದೂಕಾಲು ಇಂಚು ತಗ್ಗು. ನಡೆಯುವವರ ಕಾಲಿಗೆ ಗೊತ್ತಾಗುವುದಿಲ್ಲ, ನೀರಿಗೆ ಗೊತ್ತಾಗುತ್ತದೆ.

ಒಂದು ಇಳಿಜಾರನ್ನು ಮೂರು ಕಡೆ ಅಳೆಸಿ: ಬುಡದ ಹತ್ತಿರ, ನಡುವೆ, ತುದಿಯಲ್ಲಿ. ಹಲಗೆಯಾದರೆ ಮೂರೂ ಕಡೆ ಒಂದೇ ಅನುಪಾತ ಬರುತ್ತದೆ, ಸಮರೂಪ ತ್ರಿಭುಜದ ಪಾಠ ಓದಿದ ಮಕ್ಕಳಿಗೆ ಅದರ ಕಾರಣವೂ ಹೊಳೆಯುತ್ತದೆ. ಸಿಮೆಂಟಿನದ್ದಾದರೆ ಬೇರೆ ಬೇರೆ ಬರಬಹುದು. ಆಗ ಗಾಬರಿ ಬೇಡ, ಅಳತೆ ತಪ್ಪಾಗಿದೆ ಎಂದು ಬೈಯಲೂ ಬೇಡ. ಎಲ್ಲಿ ಅಳೆದರೂ ಅನುಪಾತ ಒಂದೇ ಬಂದರೆ ಅದು ಸರಳರೇಖೆ, ಬರದಿದ್ದರೆ ಅಲ್ಲ ಎಂದು ಹೇಳಲು ಇದಕ್ಕಿಂತ ಒಳ್ಳೆಯ ಸಮಯ ಸಿಗುವುದಿಲ್ಲ.

ಮೂರನೇ ದಿನ: 1:12 ಅಂದರೆ ನಿಜಕ್ಕೂ ಎಷ್ಟು

ಒಂದೇ ಇಳಿಜಾರನ್ನು ಮೂರು ಥರ ಹೇಳಬಹುದು. 12ಕ್ಕೆ 1, ಅಥವಾ ಶೇಕಡ 8.33, ಅಥವಾ ಸುಮಾರು 4.8 ಡಿಗ್ರಿ. ಶೇಕಡ 100 ಅಂದರೆ ನೆಟ್ಟಗಿನ ಗೋಡೆ ಎಂದು ಮಕ್ಕಳು ಅಂದುಕೊಳ್ಳುತ್ತಾರೆ, ದೊಡ್ಡವರೂ ಅಂದುಕೊಳ್ಳುತ್ತಾರೆ. ಅದು 45 ಡಿಗ್ರಿ ಅಷ್ಟೆ. ಗೋಡೆಗೆ ಅಡ್ಡದೂರ ಸೊನ್ನೆ, ಸೊನ್ನೆಯಿಂದ ಭಾಗಿಸಲು ಆಗದು, ಹಾಗಾಗಿ ಗೋಡೆಗೆ ಇಳಿಜಾರು ಹೇಳಲು ಬರುವುದಿಲ್ಲ.

ಈಗ ರೈಲಿನ ಮಾತು ತನ್ನಿ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಘಾಟಿ ಹಳಿಯ ಕಡಿದಾದ ಏರು 50ಕ್ಕೆ 1. ದಾರಿಯಲ್ಲಿ 57 ಸುರಂಗಗಳಿವೆ. ಕ್ಯಾಸಲ್‌ರಾಕ್‌ನಿಂದ ದೂಧ್‌ಸಾಗರದ ಕಡೆಗೆ ಇಳಿಯುವ ಹಳಿ ಇನ್ನೂ ಕಡಿದು, 37ಕ್ಕೆ 1. ಕಬ್ಬಿಣದ ಚಕ್ರ ಕಬ್ಬಿಣದ ಹಳಿ ಮೇಲೆ ಜಾರುತ್ತದೆ, ಅದಕ್ಕೇ ರೈಲಿಗೆ ಇಷ್ಟು ಏರೂ ಕಷ್ಟ. 50ಕ್ಕೆ 1ರ ಲೆಕ್ಕದಲ್ಲಿ 700 ಮೀಟರ್ ಏರಬೇಕಾದರೆ ಹಳಿ ಎಷ್ಟು ಉದ್ದ ಬೇಕು ಎಂದು ಕೇಳಿ. 35 ಕಿ.ಮೀ. ಹಳಿ ಬೆಟ್ಟವನ್ನು ಸುತ್ತಿಕೊಂಡು ಹೋಗುವುದು, ಆಗುಂಬೆ ಘಾಟಿಯ ರಸ್ತೆ ಮತ್ತೆ ಮತ್ತೆ ತಿರುಗುವುದು, ಎಲ್ಲಕ್ಕೂ ಕಾರಣ ಒಂದೇ. ಎತ್ತರವನ್ನು ಬದಲಿಸಲು ಆಗದು, ಹಾಗಾಗಿ ದೂರವನ್ನು ಹೆಚ್ಚಿಸುತ್ತಾರೆ.

ಇನ್ನು ಊಟಿ ರೈಲು. ಮೆಟ್ಟುಪಾಳ್ಯಂನಿಂದ ಮೇಲೆ ಹತ್ತುವಾಗ ಅದರ ಅತಿ ಕಡಿದಾದ ಏರು ಸುಮಾರು 12ಕ್ಕೆ 1. ಅಲ್ಲಿ ಮಾಮೂಲಿ ಚಕ್ರದಿಂದ ಆಗುವುದಿಲ್ಲ ಎಂದು ಎರಡು ಹಳಿಗಳ ನಡುವೆ ಹಲ್ಲಿನ ಪಟ್ಟಿ ಹಾಕಿದ್ದಾರೆ, ಎಂಜಿನ್ನಿನ ಹಲ್ಲಿನ ಚಕ್ರ ಅದನ್ನು ಕಚ್ಚಿಕೊಂಡು ಹತ್ತುತ್ತದೆ. ಅಂದರೆ ರೈಲಿಗೆ ಹಲ್ಲು ಬೇಕಾಗುವಷ್ಟು ಏರನ್ನು ನಾವು ವೀಲ್‌ಚೇರ್ ರ‍್ಯಾಂಪಿಗೆ ಗರಿಷ್ಠ ಮಿತಿ ಎಂದು ಇಟ್ಟಿದ್ದೇವೆ. ರಬ್ಬರ್ ಚಕ್ರ ನೆಲಕ್ಕೆ ಚೆನ್ನಾಗಿ ಹಿಡಿಯುತ್ತದೆ, ಜಾರುವುದಿಲ್ಲ, ನಿಜ. ಆದರೆ ತಳ್ಳುವುದು ಒಬ್ಬ ಮನುಷ್ಯನ ಎರಡು ಕೈ. 1:12 ಅನ್ನುವುದು ಆರಾಮದ ಇಳಿಜಾರಲ್ಲ, ಅದನ್ನು ದಾಟಬಾರದು ಎಂಬ ಗೆರೆ. ಮಕ್ಕಳಿಗೆ ಇದನ್ನು ಬಿಡಿಸಿ ಹೇಳಿ.

ನಾಲ್ಕನೇ ದಿನ: ಕೈಗೆ ಗೊತ್ತಾಗಲಿ

ಆಟಿಕೆ ಗಾಡಿಗೆ ಮರಳು ತುಂಬಿ ಒಟ್ಟು ತೂಕ 1 ಕೆ.ಜಿ. ಮಾಡಿ. ಸ್ಪ್ರಿಂಗ್ ತಕ್ಕಡಿಯಿಂದ ಹಲಗೆಯ ಮೇಲೆ ನಿಧಾನಕ್ಕೆ, ಒಂದೇ ವೇಗದಲ್ಲಿ ಎಳೆಯಬೇಕು. ಇಳಿಜಾರಿಗಾಗಿಯೇ ಬೇಕಾಗುವ ಬಲ 1:12ರಲ್ಲಿ ಸುಮಾರು 83 ಗ್ರಾಂ ತೂಕದಷ್ಟು, 1:8ರಲ್ಲಿ 124, 1:6ರಲ್ಲಿ 164, 1:4ರಲ್ಲಿ 243. ತಕ್ಕಡಿ ಇದಕ್ಕಿಂತ ಸ್ವಲ್ಪ ಜಾಸ್ತಿ ತೋರಿಸುತ್ತದೆ, ಘರ್ಷಣೆಯದ್ದೂ ಸೇರಿರುತ್ತದೆ. ಆ ಜಾಸ್ತಿ ಎಷ್ಟು ಎಂದು ತಿಳಿಯಲು ಗಾಡಿಯನ್ನು ಮಟ್ಟದ ನೆಲದ ಮೇಲೂ ಎಳೆದು ನೋಡಿ.

ಈ ಅಂಕಿಗಳನ್ನು ಗ್ರಾಫ್ ಹಾಳೆಯಲ್ಲಿ ಗುರುತಿಸಲಿ, ಅಡ್ಡಕ್ಕೆ ಇಳಿಜಾರು, ಉದ್ದಕ್ಕೆ ಬಲ. ಬಹುಮಟ್ಟಿಗೆ ಸರಳರೇಖೆ ಬರುತ್ತದೆ. ಆದರೆ ಅದು ಮೂಲಬಿಂದುವಿನಿಂದ ಹೊರಡುವುದಿಲ್ಲ, ಸ್ವಲ್ಪ ಮೇಲಿಂದ ಹೊರಡುತ್ತದೆ. ಮಟ್ಟದ ನೆಲದಲ್ಲೂ ಎಳೆಯಬೇಕಿತ್ತಲ್ಲ, ಅದೇ ಆ ಅಂತರ. ಮುಂದೆ ಸರಳರೇಖೆಯ ಸಮೀಕರಣ ವೈ = ಎಂಎಕ್ಸ್ + ಸಿ ಎಂದು ಬರೆದಾಗ ಸಿ ಎಂದರೆ ಏನು ಎಂದು ನಾನು ಬೇರೆ ವಿವರಿಸಬೇಕಾಗಿ ಬಂದಿಲ್ಲ.

ಇದಾದ ಮೇಲೆ ದೊಡ್ಡ ಲೆಕ್ಕ. ಮನುಷ್ಯ, ಕುರ್ಚಿ ಸೇರಿ 80 ಕೆ.ಜಿ. ಇದ್ದರೆ 1:12ರಲ್ಲಿ ಸುಮಾರು ಆರೂವರೆ ಕೆ.ಜಿ. ತೂಕ ಎತ್ತುವಷ್ಟು ಬಲ ಬೇಕು. 1:4ರಲ್ಲಿ ಹತ್ತೊಂಬತ್ತು ಕೆ.ಜಿ.ಗೂ ಜಾಸ್ತಿ, ಅದೂ ಮೇಲೆ ಮುಟ್ಟುವವರೆಗೆ ಒಂದೇ ಸಮನೆ. ಅಮ್ಮನ ಜೊತೆ ಅವತ್ತು ನನ್ನ ಕೈ ಸೋತದ್ದು ಯಾಕೆ ಎಂದು ನನಗೇ ಸರಿಯಾಗಿ ಅರ್ಥವಾದದ್ದು ಈ ಲೆಕ್ಕ ಮಾಡಿದಾಗ.

ಐದನೇ ದಿನ: ವಿನ್ಯಾಸ

ಕೆಲಸ ಇಷ್ಟೇ. ನಮ್ಮ ಶಾಲೆಯ ವರಾಂಡಕ್ಕೆ 15 ಸೆಂ.ಮೀ.ನ ಮೂರು ಮೆಟ್ಟಿಲು, ಒಟ್ಟು 45 ಸೆಂ.ಮೀ. ಅಲ್ಲಿಗೆ ರ‍್ಯಾಂಪ್ ಬೇಕು, ಅಗಲ 1.2 ಮೀಟರ್. ಮೆಟ್ಟಿಲಿನ ಎದುರಿಗೆ ಧ್ವಜಕಂಬದವರೆಗೆ 4 ಮೀಟರ್ ಜಾಗ ಇದೆ. ನಿಮ್ಮ ಶಾಲೆಯ ಅಳತೆ ಬೇರೆ ಇರುತ್ತದೆ, ಅದನ್ನೇ ಕೊಡಿ, ಪುಸ್ತಕದ ಅಂಕಿ ಕೊಡಬೇಡಿ. ನಾಲ್ಕು ನಾಲ್ಕು ಮಕ್ಕಳ ಗುಂಪು ಮಾಡಿ ಬಿಟ್ಟುಬಿಡಿ.

45ನ್ನು 12ರಿಂದ ಗುಣಿಸಿದರೆ 540 ಸೆಂ.ಮೀ. ಇರುವುದು 400. ಇಲ್ಲಿಂದ ನಿಜವಾದ ಪಾಠ ಶುರು. ಒಂದು ಗುಂಪು 1:8 ಮಾಡೋಣ, 3.6 ಮೀಟರಿನಲ್ಲಿ ಮುಗಿಯುತ್ತದೆ ಎಂದಿತು. ಅವರಿಗೆ ಹಿಂದಿನ ದಿನದ ಗ್ರಾಫ್ ತೋರಿಸಿದೆ: 83ರ ಜಾಗದಲ್ಲಿ 124, ಒಂದೂವರೆ ಪಟ್ಟು. ಇನ್ನೊಂದು ಗುಂಪು ರ‍್ಯಾಂಪನ್ನು ಎರಡಾಗಿ ಮಡಚಿತು. 2.7 ಮೀಟರ್ ಮುಂದೆ ಹೋಗಿ, ತಿರುಗಿ, 2.7 ಮೀಟರ್ ವಾಪಸ್. ಚೆನ್ನಾಗಿತ್ತು, ಆದರೆ ವೀಲ್‌ಚೇರ್ ತಿರುಗಲು ಮಟ್ಟದ ಕಟ್ಟೆ ಬೇಕು, ಅದು ಒಂದೂವರೆ ಮೀಟರ್. ಒಟ್ಟು 4.2 ಮೀಟರ್ ಆಯಿತು, 20 ಸೆಂ.ಮೀ. ಸಾಲಲಿಲ್ಲ. ಮೂರನೇ ಗುಂಪು ರ‍್ಯಾಂಪನ್ನು ಗೋಡೆಗೆ ಹೊಂದಿಸಿ ವರಾಂಡದ ಉದ್ದಕ್ಕೂ ಎಳೆಯಿತು. ಅಲ್ಲಿ ಜಾಗ ಬೇಕಾದಷ್ಟಿತ್ತು, ನಡುವೆ ಒಂದು ನೀರಿನ ನಲ್ಲಿ ಮಾತ್ರ ಅಡ್ಡ ಬಂತು. ನಲ್ಲಿಯನ್ನು ಸರಿಸುವುದೋ, ರ‍್ಯಾಂಪನ್ನು ಇನ್ನೊಂದು ಕಡೆಯಿಂದ ತರುವುದೋ ಎಂದು ಅವರು ಅರ್ಧ ಗಂಟೆ ವಾದ ಮಾಡಿದರು. ಗಣಿತದ ಪೀರಿಯಡ್‌ನಲ್ಲಿ ಅಂಥ ವಾದವನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ.

ಖರ್ಚಿನ ಮಾತೂ ಬರಲಿ. ರ‍್ಯಾಂಪನ್ನು ಪಕ್ಕದಿಂದ ನೋಡಿದರೆ ತ್ರಿಭುಜ. 5.4 ಮತ್ತು 0.45ರ ಗುಣಲಬ್ಧದ ಅರ್ಧವನ್ನು ಅಗಲ 1.2ರಿಂದ ಗುಣಿಸಿದರೆ ಸುಮಾರು 1.46 ಘನ ಮೀಟರ್ ತುಂಬಬೇಕು. 1:8 ಆಗಿದ್ದರೆ 0.97. ಕಡಿದಾದ ರ‍್ಯಾಂಪ್ ಅಗ್ಗ, ಜಾಗವೂ ಕಡಿಮೆ. ನಾವು ಕಾಣುವ ಎಷ್ಟೋ ರ‍್ಯಾಂಪ್‌ಗಳು ಹಾಗಿರುವುದಕ್ಕೆ ಇದೇ ಕಾರಣ ಇರಬೇಕು ಎಂದು ಒಬ್ಬ ಹುಡುಗಿ ಹೇಳಿದಳು. ಅಂಗವಿಕಲರ ಹಕ್ಕುಗಳ ಕಾಯ್ದೆ 2016ರಲ್ಲೇ ಬಂದಿದೆ, ಸಾರ್ವಜನಿಕ ಕಟ್ಟಡಗಳು ಎಲ್ಲರಿಗೂ ಪ್ರವೇಶಿಸುವಂತೆ ಇರಬೇಕು ಎಂದು ಅದು ಹೇಳುತ್ತದೆ ಎಂಬುದನ್ನೂ ಅಲ್ಲೇ ತಿಳಿಸಿದೆ.

ಅಡ್ಡದೂರ ಅಳೆಯಬೇಕೋ, ಇಳಿಜಾರಿನ ಮೇಲೇ ಅಳೆದರೆ ಸಾಕೋ ಎಂಬ ಪ್ರಶ್ನೆ ಖಂಡಿತ ಬರುತ್ತದೆ. ಪೈಥಾಗೊರಸ್ ಹಾಕಿಸಿ. 540 ಮತ್ತು 45ಕ್ಕೆ ಕರ್ಣ ಸುಮಾರು 542 ಸೆಂ.ಮೀ., ಎರಡೇ ಸೆಂ.ಮೀ. ವ್ಯತ್ಯಾಸ. ರ‍್ಯಾಂಪಿಗೆ ಪರವಾಗಿಲ್ಲ. ಹೆಂಚಿನ ಮಾಡಿಗೆ ಅಡ್ಡದೂರವನ್ನೇ ಹಿಡಿದರೆ ಮರ ಸಾಲುವುದಿಲ್ಲ, ಅದನ್ನು ಕೆಳಗೆ ಹೇಳುತ್ತೇನೆ.

ಆರನೇ ದಿನ: ಈಗ ಸೂತ್ರ

ರ‍್ಯಾಂಪಿನ ಪಕ್ಕದ ನೋಟವನ್ನು ಗ್ರಾಫ್ ಹಾಳೆಯ ಮೇಲೆ ಬರೆಸಿ, ಬುಡವೇ ಮೂಲಬಿಂದು. ಯಾವುದೇ ಎರಡು ಬಿಂದು ತೆಗೆದುಕೊಂಡು ಏರನ್ನು ಅಡ್ಡದೂರದಿಂದ ಭಾಗಿಸಿದರೂ 1/12 ಬರುತ್ತದೆ. ವೈಎರಡು ಕಳೆ ವೈಒಂದು ಅಂದರೆ ಲೆವೆಲ್ ಪೈಪಿನಲ್ಲಿ ಮಾಡಿದ ಕಳೆಯುವ ಲೆಕ್ಕವೇ, ಬೇರೆ ಏನೂ ಅಲ್ಲ. ಹಿಡಿಕೆ ಕಂಬಿ ರ‍್ಯಾಂಪಿಗಿಂತ 90 ಸೆಂ.ಮೀ. ಮೇಲೆ, ಅದರ ಜೊತೆಜೊತೆಗೇ ಏರುತ್ತದೆ: ವೈ = ಎಕ್ಸ್/12 + 90. ಸಮಾಂತರ ರೇಖೆಗಳಿಗೆ ಇಳಿಜಾರು ಒಂದೇ ಎಂಬುದನ್ನು ಬಾಯಿಪಾಠ ಮಾಡುವ ಅಗತ್ಯವೇ ಇಲ್ಲ, ಬೇರೆಯಾದರೆ ಕಂಬಿ ಒಂದು ಕಡೆ ಮೊಣಕಾಲಿಗೆ, ಇನ್ನೊಂದು ಕಡೆ ತಲೆಗೆ ಬರುತ್ತದೆ. ಮೇಲಿನ ಮಟ್ಟದ ಕಟ್ಟೆಗೆ ಇಳಿಜಾರು ಸೊನ್ನೆ. ಎಡದಿಂದ ಬಲಕ್ಕೆ ಹೋಗುವಾಗ ಇಳಿಯುವ ಕಡೆ ಋಣ.

ಇನ್ನೊಂದು ವಿನ್ಯಾಸ ಮಾಡಿಸುವಷ್ಟು ಸಮಯ ಇದ್ದರೆ

ನಿಮ್ಮ ಊರು ನೋಡಿ ಆರಿಸಿ. ಮಲೆನಾಡು, ಕರಾವಳಿಯಾದರೆ ಹೆಂಚಿನ ಮಾಡು. ಮಂಗಳೂರಿನಲ್ಲಿ ಬಾಸೆಲ್ ಮಿಷನ್‌ನವರು 1865ರಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಮಂಗಳೂರು ಹೆಂಚು ಎಲ್ಲ ಕಡೆ ಹಬ್ಬಿತು. ಹೆಂಚನ್ನು ಒಂದರ ಮೇಲೊಂದು ಹೊದಿಸುತ್ತಾರೆ. ಇಳಿಜಾರು ಕಡಿಮೆಯಾದರೆ ಗಾಳಿಮಳೆಗೆ ನೀರು ಸಂದಿಯಿಂದ ಒಳಕ್ಕೆ ನುಗ್ಗುತ್ತದೆ, ಜಾಸ್ತಿಯಾದರೆ ಹೆಂಚು ಜಾರುತ್ತದೆ, ಮರವೂ ಜಾಸ್ತಿ ಬೇಕು. ಆರು ಮೀಟರ್ ಅಗಲದ ಕೋಣೆಗೆ ನಡುವೆ 1.8 ಮೀಟರ್ ಎತ್ತರ ಕೊಟ್ಟರೆ ಇಳಿಜಾರು 0.6, ಸುಮಾರು 31 ಡಿಗ್ರಿ, ಒಂದೊಂದು ಪಕಾಸಿ (ಮಾಡಿನ ಓರೆ ಮರ) 3.5 ಮೀಟರ್. ಅಡ್ಡದೂರ 3 ಮೀಟರ್ ಎಂದು ಅಷ್ಟೇ ಮರ ತಂದರೆ ಪ್ರತಿಯೊಂದರಲ್ಲೂ ಅರ್ಧ ಮೀಟರ್ ಕಮ್ಮಿ ಬೀಳುತ್ತದೆ. ಸೂರಿನ ಹೊರಚಾಚು ಬೇರೆ. ರಟ್ಟಿನಿಂದ ಮಾದರಿ ಮಾಡಿ, ತೂತು ಮಾಡಿದ ಡಬ್ಬಿಯಿಂದ ನೀರು ಹೊಯ್ದು ನೋಡಲಿ. ಊರಿನ ಬಡಗಿಯನ್ನು ಕೇಳಿಕೊಂಡು ಬರಲಿ, ನೀವು ಎಷ್ಟು ಕೊಡುತ್ತೀರಿ, ಯಾಕೆ ಎಂದು.

ವಿಜಯಪುರ, ಕಲಬುರಗಿ ಕಡೆಯವರು ಮಣ್ಣಿನ ಮಾಳಿಗೆ ಅಳೆಯಬಹುದು. ಮೇಲ್ನೋಟಕ್ಕೆ ಮಟ್ಟ, ಆದರೆ ನೀರು ಹೊರಬೀಳುವ ಕಡೆಗೆ ಸಣ್ಣ ವಾಟ ಇರುತ್ತದೆ. ಬೆಂಗಳೂರಿನವರಿಗೆ ತಾರಸಿಯ ಸೋಲಾರ್ ಫಲಕ ಇದೆ. ಅದನ್ನು ದಕ್ಷಿಣಕ್ಕೆ ಮುಖಮಾಡಿ ಊರಿನ ಅಕ್ಷಾಂಶದಷ್ಟು, ಅಂದರೆ ಸುಮಾರು 13 ಡಿಗ್ರಿ ಓರೆ ಇಡುವುದು ವಾಡಿಕೆ. ಒಂದು ಮೀಟರ್ ಅಡ್ಡದೂರಕ್ಕೆ 23 ಸೆಂ.ಮೀ. ಏರು. ಹತ್ತನೇ ತರಗತಿಯ ಟ್ಯಾನ್ ಇಲ್ಲೇ ಸಿಕ್ಕಿತು.

ಅಂಕ ಕೊಡುವುದು ಹೇಗೆ ಎಂದು ಕೆಲವರು ಕೇಳುತ್ತಾರೆ. ನಾನು ಎರಡೇ ಪ್ರಶ್ನೆ ಕೇಳುತ್ತೇನೆ. ಎತ್ತರ ಎರಡು ಪಟ್ಟಾದರೆ ನಿನ್ನ ವಿನ್ಯಾಸದಲ್ಲಿ ಏನು ಬದಲಾಗಬೇಕು, ಏನು ಬದಲಾಗಬಾರದು? ಈ ಇಳಿಜಾರನ್ನೇ ಯಾಕೆ ಆರಿಸಿದೆ? ಮೊದಲನೆಯದಕ್ಕೆ ಉದ್ದ ಬದಲಾಗಬೇಕು, ಅನುಪಾತ ಬದಲಾಗಬಾರದು ಎಂದು ಹೇಳಿದ ಮಗುವಿಗೆ ಇಳಿಜಾರು ಅರ್ಥವಾಗಿದೆ. ಎರಡನೆಯದಕ್ಕೆ ಒಂದೇ ಉತ್ತರ ಇಲ್ಲ.

ಆಯ್ಕೆಯಾದ ವಿನ್ಯಾಸವನ್ನು ಮೊದಲು ಅಂಗಳದಲ್ಲಿ ಸುಣ್ಣದಿಂದ ನಿಜ ಅಳತೆಯಲ್ಲಿ ಬರೆಸಿ. ಸಾಧ್ಯವಾದರೆ ಒಂದು ವೀಲ್‌ಚೇರ್ ಎರವಲು ತಂದು, ಅದನ್ನು ದಿನಾ ಬಳಸುವವರನ್ನೇ ಕರೆದು, ತಿರುಗುವ ಕಟ್ಟೆಯ ಜಾಗ ಸಾಕಾ ಎಂದು ಕೇಳಿ, ಅವರು ಹೇಳಿದಂತೆ ತಿದ್ದಿ. ಆಮೇಲೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಗೆ ಮಕ್ಕಳೇ ಒಂದು ಪತ್ರ ಬರೆಯಲಿ, ನಕ್ಷೆ, ತುಂಬಬೇಕಾದ ಘನ ಮೀಟರ್ ಎರಡನ್ನೂ ಜೊತೆಗಿಟ್ಟು. ನಕ್ಷೆಯಲ್ಲಿ 1:12 ಎಂದು ಬರೆದು ಬಿಟ್ಟರೆ ಸಾಲದು. ಬುಡದಿಂದ ಪ್ರತಿ 60 ಸೆಂ.ಮೀ.ಗೆ ಒಂದು ಗೂಟ, ಗೂಟದ ಪಕ್ಕದಲ್ಲಿ ಎತ್ತರ: 5, 10, 15, 20, ಹೀಗೆ ಒಂಬತ್ತನೇ ಗೂಟಕ್ಕೆ 45. ಮೇಸ್ತ್ರಿ ದಾರ ಕಟ್ಟುವುದು ಆ ಗುರುತುಗಳಿಗೇ.